ಇಟ್ಟಿಗೆ ರೈಲಿಗೆ ಬಣ್ಣದ ಚಿಂತೆ

ಡೆನ್ಮಾರ್ಕಿನ ಬಿಲುಂಡ್ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ 1932ರಲ್ಲಿ ಆರಂಭಿಸಿದ ಮರದ ಆಟಿಕೆಗಳ ಉದ್ಯಮವೇ ಮುಂದೆ ಲೆಗೊ ಕಂಪೆನಿಯಾಯಿತು. ಈಗಿನ ಮಾದರಿಯ ಪ್ಲಾಸ್ಟಿಕ್ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ. ಅದರ ರೈಲು ನೀಲಿ ಹಳಿಗಳ ಮೇಲೆ ಓಡತೊಡಗಿದ್ದು 1966ರಲ್ಲಿ.

ರೈಲಿನ ಹುಚ್ಚು ಹಿಡಿದವರಿಗೆ ಅಷ್ಟಕ್ಕೇ ತೃಪ್ತಿಯೆಲ್ಲಿ? ತಮ್ಮ ದೇಶದ ಬೋಗಿಯ ಬಣ್ಣವೇ ಬೇಕು. ಆದರೆ ಕಂಪೆನಿ ಪ್ರತಿ ಬಿಡಿಭಾಗವನ್ನೂ ಎಲ್ಲ ಬಣ್ಣಗಳಲ್ಲಿ ತಯಾರಿಸುವುದಿಲ್ಲ. ಪೇಂಟ್ ಬಳಿಯೋಣವೆಂದರೆ, ಇಟ್ಟಿಗೆಗಳು ಕೂಡುವ ಬಿಗಿ ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದು. ತೆಳುಪದರವೂ ಅಲ್ಲಿ ಅಡ್ಡಿ. ಬಿಚ್ಚಿ ಜೋಡಿಸುವಾಗ ಸುಲಿದೂ ಹೋಗುತ್ತದೆ. ಹಾಗಾಗಿ ಕೆಲವರು ಪಾಲಿಯೆಸ್ಟರ್ ಬಟ್ಟೆಗೆ ಹಾಕುವ ಬಣ್ಣವನ್ನು ಬಿಸಿನೀರಿನಲ್ಲಿ ಕದಡಿ ಇಟ್ಟಿಗೆಗಳನ್ನು ಮುಳುಗಿಸಿದರು. ಬಣ್ಣ ಪ್ಲಾಸ್ಟಿಕ್ಕಿನೊಳಕ್ಕೇ ಇಳಿಯುವುದರಿಂದ ಬಿಗಿ ಕೆಡುವುದಿಲ್ಲ. ನೀರು ಮಾತ್ರ ಕುದಿಯಬಾರದು, ಇಟ್ಟಿಗೆ ಸೊಟ್ಟಗಾದೀತು. ಬಿಳಿಯದು ಕೆಂಪಾಗುತ್ತದೆ, ಕಪ್ಪು ಬಿಳಿಯಾಗದು. ಸೀರೆಗೆ ಬಣ್ಣ ಹಾಕಿಸುವವರಿಗೆ ಇದು ಹೊಸ ಮಾತೇನಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2004ರಲ್ಲಿ. ಕಂಪೆನಿ ತನ್ನ ಎರಡು ಬೂದು ಬಣ್ಣಗಳನ್ನೂ ಕಂದು ಬಣ್ಣವನ್ನೂ ಬದಲಿಸಿತು. ಬೂದಿಗೆ ನೀಲಿ ಛಾಯೆ ಬಂತು. ವರ್ಷಗಟ್ಟಲೆ ಕೂಡಿಟ್ಟ ಹಳೆಯ ಇಟ್ಟಿಗೆಗಳ ಪಕ್ಕದಲ್ಲಿ ಹೊಸವು ತೇಪೆಯಂತೆ ಕಂಡವು. ಹವ್ಯಾಸಿಗಳು ಎಷ್ಟು ಗೊಣಗಿದರೂ ಹಳೆಯ ಬೂದು ಮರಳಲಿಲ್ಲ.