ಸ್ಕೋಲಿಯೊಡಾನ್: ಕರಾವಳಿಯ ಸಣ್ಣ ಶಾರ್ಕ್

ಸ್ಕೋಲಿಯೊಡಾನ್ ಲ್ಯಾಟಿಕಾಡಸ್ ಎಂಬುದು ಭಾರತದ ಕರಾವಳಿಯಲ್ಲಿ, ದಡಕ್ಕೆ ಹತ್ತಿರದ ಆಳವಿಲ್ಲದ ನೀರಿನಲ್ಲಿ ಗುಂಪಾಗಿ ಬದುಕುವ, ಮುಕ್ಕಾಲು ಮೀಟರು ಮೀರಿ ಬೆಳೆಯದ ಶಾರ್ಕ್ ಪ್ರಭೇದ. ಶಾರ್ಕ್‌ಗಳನ್ನು ತುಳುವಿನಲ್ಲಿ ತಾಟೆ, ಕೊಂಕಣಿಯಲ್ಲಿ ಮೋರಿ ಎಂದು ಕರೆಯುತ್ತಾರೆ. ಸಲಿಕೆಯಂತೆ ಅಗಲವಾಗಿ ಚಪ್ಪಟೆಯಾದ ಮೂತಿ, ಗಿಡ್ಡವಾದ ಎದೆಯ ಈಜುರೆಕ್ಕೆಗಳು ಮತ್ತು ತೀರ ಹಿಂದಕ್ಕೆ ಸರಿದಿರುವ ಪುಟ್ಟದಾದ ಎರಡನೆಯ ಬೆನ್ನುರೆಕ್ಕೆ ಇದರ ಗುರುತುಗಳು. ಸಣ್ಣ ಮೀನು, ಸೀಗಡಿ, ಬೊಂಡಾಸಗಳು ಇದರ ಆಹಾರ.

ಜರ್ಮನಿಯ ಪ್ರಾಣಿವಿಜ್ಞಾನಿಗಳಾದ ಯೊಹಾನೆಸ್ ಮ್ಯೂಲರ್ ಮತ್ತು ಯಾಕೋಬ್ ಹೆನ್ಲೆ 1838ರಲ್ಲಿ ಇದನ್ನು ವಿವರಿಸಿ ಹೆಸರಿಟ್ಟರು. ಕುಲನಾಮಕ್ಕೆ ಓರೆಹಲ್ಲಿನದು ಎಂದೂ ಪ್ರಭೇದನಾಮಕ್ಕೆ ಅಗಲಬಾಲದ್ದು ಎಂದೂ ಅರ್ಥ. ಮುಂದೆ ಬಹುಕಾಲ ಹೋಲಿಕೆಯುಳ್ಳ ಬೇರೆ ಸಣ್ಣ ಶಾರ್ಕ್‌ಗಳೂ ಇದೇ ಕುಲದ ಹೆಸರಿನಲ್ಲಿ ಸೇರಿಕೊಂಡಿದ್ದು, 1964ರಲ್ಲಿ ವಿಕ್ಟರ್ ಸ್ಪ್ರಿಂಗರ್ ಅವುಗಳನ್ನು ವಿಂಗಡಿಸಿದ್ದರಿಂದ, ಅದಕ್ಕಿಂತ ಹಿಂದಿನ ಬರಹಗಳಲ್ಲಿ ಸ್ಕೋಲಿಯೊಡಾನ್ ಎಂದಿರುವುದು ಯಾವ ಮೀನು ಎಂಬುದನ್ನು ಪರಿಶೀಲಿಸಿಯೇ ಒಪ್ಪಬೇಕಾಗುತ್ತದೆ. ಇದೇ ಪ್ರಭೇದವೆಂದು ತಿಳಿಯಲಾಗಿದ್ದ ಪಶ್ಚಿಮ ಪೆಸಿಫಿಕ್‌ನ ಶಾರ್ಕ್ ಬೇರೆಯೇ ಪ್ರಭೇದವೆಂದು 2010ರಲ್ಲಿ ತೋರಿಸಲಾಯಿತು.

ಭಾರತದ ಪ್ರಾಣಿವಿಜ್ಞಾನ ಶಿಕ್ಷಣದಲ್ಲಿ ಈ ಮೀನಿಗಿರುವ ಸ್ಥಾನ ದೊಡ್ಡದು. ಇ. ಎಂ. ತಿಲ್ಲೈಯಂಪಲಂ ಅವರು ಸ್ಕೋಲಿಯೊಡಾನ್ ಅಂಗರಚನೆಯನ್ನು ಕುರಿತು ಬರೆದ ಗ್ರಂಥ 1928ರಲ್ಲಿ ಲಖನೌದಿಂದ ಪ್ರಕಟವಾಯಿತು. ಮೂಳೆಯ ಬದಲು ಮೃದ್ವಸ್ಥಿಯಿಂದಾದ ಅಸ್ಥಿಪಂಜರವನ್ನೂ, ಸುರುಳಿ ಸುತ್ತಿದ ಕಾಗದದಂತಿರುವ ಕರುಳಿನ ಒಳಪದರವನ್ನೂ ತಲೆಮಾರುಗಳ ವಿದ್ಯಾರ್ಥಿಗಳು ಈ ಮೀನನ್ನು ಸೀಳಿಯೇ ಕಲಿತರು.

ಇದರ ಸಂತಾನಕ್ರಮವಂತೂ ಶಾರ್ಕ್‌ಗಳಲ್ಲೇ ವಿಶಿಷ್ಟ. ಅಂಡದ ವ್ಯಾಸ ಸುಮಾರು 1 ಮಿಲಿಮೀಟರು ಮಾತ್ರ. ಯಾವ ಶಾರ್ಕ್‌ನಲ್ಲೂ ಇದಕ್ಕಿಂತ ಚಿಕ್ಕ ಅಂಡ ಕಂಡುಬಂದಿಲ್ಲ. ಭ್ರೂಣವನ್ನು ಪೋಷಿಸುವ ಹಳದಿ ದ್ರವ್ಯವಾದ ಭಂಡಾರವು ಅದರಲ್ಲಿ ತೀರ ಅಲ್ಪವಾದ ಕಾರಣ, ಭ್ರೂಣವು ಸುಮಾರು 3 ಮಿಲಿಮೀಟರು ಉದ್ದವಿದ್ದಾಗಲೇ ಗರ್ಭಾಶಯದ ಗೋಡೆಗೆ ಅಂಟಿಕೊಂಡು, ಜರಾಯು ಮತ್ತು ಹೊಕ್ಕುಳಬಳ್ಳಿಯ ಮೂಲಕ ತಾಯಿಯಿಂದಲೇ ಪೋಷಣೆ ಪಡೆಯುತ್ತದೆ. ಐದಾರು ತಿಂಗಳ ಗರ್ಭಾವಧಿಯ ಬಳಿಕ, 12ರಿಂದ 15 ಸೆಂಟಿಮೀಟರು ಉದ್ದದ ಮರಿಗಳು ಹುಟ್ಟುತ್ತವೆ. ಒಂದು ಸೂಲಿನಲ್ಲಿ ಸಾಮಾನ್ಯವಾಗಿ 6ರಿಂದ 18 ಮರಿಗಳಿರುತ್ತವೆ.

ಬೇಗ ಪ್ರಾಯಕ್ಕೆ ಬರುವುದರಿಂದ ಇದು ಮೀನುಗಾರಿಕೆಯ ಒತ್ತಡವನ್ನು ದೊಡ್ಡ ಶಾರ್ಕ್‌ಗಳಿಗಿಂತ ಚೆನ್ನಾಗಿ ತಾಳಿಕೊಂಡಿದೆ. ಆದರೂ ಟ್ರಾಲ್ ಬಲೆ, ಬೀಡು ಬಲೆಗಳಿಗೆ ಅಪಾರ ಸಂಖ್ಯೆಯಲ್ಲಿ ಬೀಳುತ್ತಿರುವುದರಿಂದ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಪಾಯದ ಅಂಚಿಗೆ ಸಮೀಪಿಸಿದ ಪ್ರಭೇದವೆಂದು ದಾಖಲಾಗಿದೆ. ಭಾರತವು 2015ರಲ್ಲಿ ಶಾರ್ಕ್ ರೆಕ್ಕೆಗಳ ರಫ್ತನ್ನು ನಿಷೇಧಿಸಿತಾದರೂ, ಇದನ್ನು ಹಿಡಿಯುವುದು ರೆಕ್ಕೆಗಾಗಿಯಲ್ಲದೆ ಸ್ಥಳೀಯ ಮಾರುಕಟ್ಟೆಯ ಮಾಂಸಕ್ಕಾಗಿಯೇ ಆದ್ದರಿಂದ ಆ ನಿಷೇಧದಿಂದ ಈ ಮೀನಿಗೆ ದೊರೆಯುವ ರಕ್ಷಣೆ ಅತ್ಯಲ್ಪ.