ಗುತ್ತಿಗೆ ಕಡತ ಯಾರ ಸೊತ್ತು? ಮಾಹಿತಿ ಹಕ್ಕು ಮತ್ತು 'ವಾಣಿಜ್ಯ ಗೋಪ್ಯತೆ'

ಪಂಚಾಯತು ರಸ್ತೆಗೆ ಡಾಮರು ಹಾಕಿ ಒಂದು ಮಳೆಗಾಲ ಕಳೆಯುವುದರೊಳಗೆ ಜಲ್ಲಿ ಎದ್ದು ಬಂದರೆ ಊರವರು ಕೇಳಬೇಕಾದ ಪ್ರಶ್ನೆಗಳು ಮೂರು. ಎಷ್ಟು ದಪ್ಪಕ್ಕೆ ಡಾಮರು ಹಾಕಬೇಕೆಂದು ಕರಾರಿನಲ್ಲಿತ್ತು? ಎಷ್ಟು ದಪ್ಪಕ್ಕೆ ಹಾಕಿದ್ದಾಗಿ ಅಳತೆ ಬರೆದು ಹಣ ಕೊಡಲಾಗಿದೆ? ಕೆಟ್ಟುಹೋದರೆ ಸ್ವಂತ ಖರ್ಚಿನಲ್ಲಿ ಸರಿಪಡಿಸಿಕೊಡುವ ಹೊಣೆ ಗುತ್ತಿಗೆದಾರರ ಮೇಲೆ ಎಷ್ಟು ಕಾಲ ಇದೆ? ಮೂರಕ್ಕೂ ಉತ್ತರ ಇರುವುದು ಕಚೇರಿಯ ಕಡತದಲ್ಲಿ. ಆ ಕಡತ ಕೇಳಿದಾಗ ಕೆಲವೊಮ್ಮೆ ಸಿಗುವ ಉತ್ತರ ಒಂದೇ ಸಾಲಿನದ್ದು: ಇದು ಗುತ್ತಿಗೆದಾರರ ವಾಣಿಜ್ಯ ಗೋಪ್ಯತೆಗೆ ಸೇರಿದ್ದು, ಕೊಡಲು ಬರುವುದಿಲ್ಲ.

ಈ ಉತ್ತರ ಕೆಲವು ಕಾಗದಗಳ ಮಟ್ಟಿಗೆ ಸರಿ. ಹೆಚ್ಚಿನ ಕಾಗದಗಳ ಮಟ್ಟಿಗೆ ತಪ್ಪು. ಯಾವುದು ಯಾವ ಪಾಲಿಗೆ ಸೇರುತ್ತದೆ ಎಂಬುದನ್ನು ತಿಳಿದು ಅರ್ಜಿ ಬರೆದರೆ ತಿಂಗಳುಗಟ್ಟಲೆ ಅಲೆದಾಟ ತಪ್ಪುತ್ತದೆ.

ಹಿನ್ನೆಲೆ

ಮಾಹಿತಿ ಹಕ್ಕಿನ ಹೋರಾಟ ಆರಂಭವಾದದ್ದೇ ಕಾಮಗಾರಿಯ ಬಿಲ್ಲುಗಳಿಂದ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು 1994ರಿಂದ ಹಳ್ಳಿಹಳ್ಳಿಗಳಲ್ಲಿ ಜನಸುನವಾಯಿ ಎಂಬ ಸಾರ್ವಜನಿಕ ವಿಚಾರಣೆ ನಡೆಸಿ ಹಾಜರಿ ಪಟ್ಟಿ, ವೋಚರು, ಬಿಲ್ಲುಗಳನ್ನು ಜನರ ಎದುರು ಓದಿಸಿತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನಗಳ ಧರಣಿ ನಡೆಯಿತು. ಆ ಧರಣಿಯ ಬೇಡಿಕೆಯೂ ಇಂಥ ದಾಖಲೆಗಳ ನಕಲು ಜನರಿಗೆ ಸಿಗಬೇಕೆಂಬುದೇ ಆಗಿತ್ತು.

ಕೇಂದ್ರ ಕಾಯಿದೆಗೆ ಮೊದಲೇ ಗಡಿನಾಡಿನ ಹಲವು ರಾಜ್ಯಗಳಲ್ಲಿ ಕಾನೂನು ಬಂದಿತ್ತು. ತಮಿಳುನಾಡು ಮತ್ತು ಗೋವಾ 1997ರಲ್ಲಿ, ಕರ್ನಾಟಕ 2000ದಲ್ಲಿ ಮಾಹಿತಿ ಹಕ್ಕಿನ ಕಾಯಿದೆ ಮಾಡಿದವು. ಕೇರಳ ಪಂಚಾಯತ್ ರಾಜ್ ಕಾಯಿದೆಗೆ 1999ರಲ್ಲಿ ಮಾಹಿತಿ ಹಕ್ಕಿನ ಅಧ್ಯಾಯವೊಂದು ಸೇರಿತು. ಟೆಂಡರುಗಳ ವಿಷಯದಲ್ಲೇ ತಮಿಳುನಾಡು 1998ರಲ್ಲಿ, ಕರ್ನಾಟಕ 1999ರಲ್ಲಿ ಪಾರದರ್ಶಕತೆಯ ಪ್ರತ್ಯೇಕ ಕಾಯಿದೆ ತಂದವು. ಇಡೀ ದೇಶಕ್ಕೆ ಅನ್ವಯವಾಗುವ ಮಾಹಿತಿ ಹಕ್ಕು ಕಾಯಿದೆ ಪೂರ್ಣವಾಗಿ ಜಾರಿಯಾದದ್ದು 2005ರ ಅಕ್ಟೋಬರ್ 12ರಂದು.

ಕಾಯಿದೆಯಲ್ಲಿ ಏನಿದೆ

'ಮಾಹಿತಿ' ಎಂದರೆ ಏನೆಂದು ಹೇಳುವ ಸೆಕ್ಷನ್ 2(ಎಫ್)ನಲ್ಲಿ ಕರಾರು ಎಂಬ ಶಬ್ದ ನೇರವಾಗಿಯೇ ಇದೆ. ಲಾಗ್ ಬುಕ್, ವರದಿ, ಮಾದರಿಗಳೂ ಅದೇ ಪಟ್ಟಿಯಲ್ಲಿವೆ. ಸೆಕ್ಷನ್ 2(ಜೆ) ಪ್ರಕಾರ ನಕಲು ಪಡೆಯುವುದಷ್ಟೇ ಹಕ್ಕಲ್ಲ. ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕೂ ಇದೆ. ರಸ್ತೆಗೆ ಹಾಕಿದ ಜಲ್ಲಿ, ಕಟ್ಟಡಕ್ಕೆ ಬಳಸಿದ ಸಿಮೆಂಟು ಮಿಶ್ರಣದ ಮಾದರಿಯನ್ನು ನಾಗರಿಕರು ಅರ್ಜಿ ಹಾಕಿ ಕೇಳಬಹುದು.

ವಿನಾಯಿತಿ ಇರುವುದು ಸೆಕ್ಷನ್ 8(1)(ಡಿ)ಯಲ್ಲಿ. ವಾಣಿಜ್ಯ ವಿಶ್ವಾಸದ ವಿಷಯ, ವ್ಯಾಪಾರ ರಹಸ್ಯ, ಬೌದ್ಧಿಕ ಸೊತ್ತು ಇವುಗಳನ್ನು ಕೊಡಬೇಕಾಗಿಲ್ಲ. ಆದರೆ ಅಲ್ಲೇ ಎರಡು ಶರತ್ತುಗಳಿವೆ. ಮೊದಲನೆಯದು, ಮಾಹಿತಿ ಹೊರಬಂದರೆ ಮೂರನೆಯ ಪಕ್ಷದ ಸ್ಪರ್ಧಾ ಸಾಮರ್ಥ್ಯಕ್ಕೆ ಹಾನಿಯಾಗುವಂತಿರಬೇಕು. ಎರಡನೆಯದು, ಹಾನಿಯಾಗುವಂತಿದ್ದರೂ ವಿಶಾಲ ಸಾರ್ವಜನಿಕ ಹಿತ ಬೇಡಿದರೆ ಕೊಡಬಹುದು. ಕಡತದ ಮೇಲೆ 'ಗೋಪ್ಯ' ಎಂದು ಮುದ್ರೆ ಒತ್ತಿದ ಮಾತ್ರಕ್ಕೆ ಅಥವಾ ಕರಾರಿನಲ್ಲಿ ಗೋಪ್ಯತೆಯ ಷರಾ ಸೇರಿಸಿದ ಮಾತ್ರಕ್ಕೆ ಈ ವಿನಾಯಿತಿ ಸಿಗುವುದಿಲ್ಲ. ಯಾವ ಸ್ಪರ್ಧೆಗೆ ಹೇಗೆ ಹಾನಿ ಎಂದು ತೋರಿಸಬೇಕು. ಮೇಲ್ಮನವಿಯಲ್ಲಿ ಅದನ್ನು ತೋರಿಸುವ ಹೊಣೆ ಮಾಹಿತಿ ಅಧಿಕಾರಿಯದ್ದು ಎಂದು ಸೆಕ್ಷನ್ 19(5) ಹೇಳುತ್ತದೆ.

ಟೆಂಡರಿಗೆ ಮೊದಲು, ಟೆಂಡರಿನ ನಂತರ

ಗೋಪ್ಯತೆಗೆ ಒಂದು ಕಾಲ ಇದೆ. ಟೆಂಡರು ತೆರೆಯುವ ಮೊದಲು ಒಬ್ಬರ ದರ ಇನ್ನೊಬ್ಬರಿಗೆ ತಿಳಿದರೆ ಸ್ಪರ್ಧೆಯೇ ಉಳಿಯುವುದಿಲ್ಲ. ಅಲ್ಲಿಯವರೆಗೆ ಲಕೋಟೆ ಮುಚ್ಚಿಯೇ ಇರಬೇಕು. ಟೆಂಡರು ತೆರೆದು ಒಬ್ಬರಿಗೆ ಕೆಲಸ ವಹಿಸಿಕೊಟ್ಟ ಬಳಿಕ ಆ ಕಾರಣ ಇಲ್ಲವಾಗುತ್ತದೆ. ಆಮೇಲೆ ಆ ದರ ಸಾರ್ವಜನಿಕ ಹಣದ ಲೆಕ್ಕ.

ಜಾರ್ಖಂಡ್ ಹೈಕೋರ್ಟು 2007ರಲ್ಲಿ ನವೀನ್ ಕುಮಾರ್ ಸಿನ್ಹಾ ಪ್ರಕರಣದಲ್ಲಿ ಹೇಳಿದ್ದು ಇದನ್ನೇ. ಟೆಂಡರಿನ ತೀರ್ಮಾನ ಆದಮೇಲೆ ಅದನ್ನು ಗುಟ್ಟಾಗಿಡಲು ಸಮರ್ಥನೆ ಇಲ್ಲ, ಯಾವ ಆಧಾರದಲ್ಲಿ ತೀರ್ಮಾನ ಆಯಿತೆಂದು ತಿಳಿಯುವ ಹಕ್ಕು ಜನರಿಗಿದೆ ಎಂಬುದು ಆ ತೀರ್ಪಿನ ಸಾರ. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ರಿಸರ್ವ್ ಬ್ಯಾಂಕ್ ಮತ್ತು ಜಯಂತಿಲಾಲ್ ಮಿಸ್ತ್ರಿ ಪ್ರಕರಣದಲ್ಲಿ ಬ್ಯಾಂಕುಗಳ ತಪಾಸಣಾ ವರದಿಗಳ ವಿಷಯದಲ್ಲಿ ಗೋಪ್ಯತೆಯ ವಾದವನ್ನು ಒಪ್ಪಲಿಲ್ಲ.

ಸ್ಥಳೀಯ ಕಾಮಗಾರಿಗಳಲ್ಲಿ ಈ ವಾದ ಇನ್ನೂ ದುರ್ಬಲ. ರಸ್ತೆ, ಚರಂಡಿ, ಶಾಲಾ ಕಟ್ಟಡಗಳಿಗೆ ಬಹಳಷ್ಟು ಸಲ ಶೇಕಡಾವಾರು ದರದ ಟೆಂಡರು ಕರೆಯುತ್ತಾರೆ. ಪ್ರತಿಯೊಂದು ಕೆಲಸದ ದರವೂ ಸರಕಾರದ್ದೇ ದರಪಟ್ಟಿಯಿಂದ ಬಂದದ್ದು. ಗುತ್ತಿಗೆದಾರರು ನಮೂದಿಸುವುದು ಅಂದಾಜಿಗಿಂತ ಶೇಕಡಾ ಎಷ್ಟು ಕಡಿಮೆ ಅಥವಾ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. 10 ಲಕ್ಷ ರೂಪಾಯಿ ಅಂದಾಜಿನ ಕೆಲಸವನ್ನು ಶೇಕಡಾ 12 ಕಡಿಮೆಗೆ ಒಪ್ಪಿದರೆ ಕರಾರಿನ ಮೊತ್ತ 8.80 ಲಕ್ಷ. ಇದರಲ್ಲಿ ವ್ಯಾಪಾರ ರಹಸ್ಯ ಎನ್ನುವುದಕ್ಕೆ ಏನೂ ಇಲ್ಲ. ಕೇರಳ, ತಮಿಳುನಾಡು, ಮಹಾರಾಷ್ಟ್ರ, ಗೋವಾಗಳ ಇ-ಟೆಂಡರ್ ಜಾಲತಾಣಗಳಲ್ಲಿ ಟೆಂಡರಿನ ಫಲಿತಾಂಶ ನೋಡುವ ವ್ಯವಸ್ಥೆಯೂ ಇದೆ. ಸರಕಾರವೇ ಪ್ರಕಟಿಸಿದ ಮೊತ್ತವನ್ನು ಕಚೇರಿಯಲ್ಲಿ ಗೋಪ್ಯ ಎನ್ನುವಂತಿಲ್ಲ.

ಗೋಪ್ಯತೆಯ ಪರವಾಗಿ ಇರುವ ಮಾತು

ಗುತ್ತಿಗೆದಾರರ ವಾದದಲ್ಲೂ ಹುರುಳಿಲ್ಲದೆ ಇಲ್ಲ. ಯಾವ ಕ್ವಾರಿಯಿಂದ ಎಷ್ಟಕ್ಕೆ ಕಲ್ಲು ತರುತ್ತಾರೆ, ಯಂತ್ರಕ್ಕೆ ದಿನಕ್ಕೆಷ್ಟು ಬಾಡಿಗೆ, ಲಾಭ ಎಷ್ಟು ಇಟ್ಟಿದ್ದಾರೆ ಎಂಬ ಒಳಲೆಕ್ಕ ಹೊರಬಿದ್ದರೆ ಮುಂದಿನ ಟೆಂಡರಿನಲ್ಲಿ ಎದುರಾಳಿ ಅದನ್ನೇ ಬಳಸಿಕೊಳ್ಳಬಹುದು. ಕಂಪೆನಿಯೊಂದು ಸ್ವಂತ ಖರ್ಚಿನಲ್ಲಿ ರೂಪಿಸಿದ ವಿನ್ಯಾಸ, ಸಾಫ್ಟ್‌ವೇರ್ ಅಥವಾ ನೀರು ಶುದ್ಧೀಕರಣದ ವಿಧಾನ ಅದರ ಸೊತ್ತು. ಬ್ಯಾಂಕ್ ಖಾತೆ, ಆದಾಯ ತೆರಿಗೆ ವಿವರಗಳಿಂದ ಊರವರಿಗೆ ಪ್ರಯೋಜನವಿಲ್ಲ.

ಇನ್ನೊಂದು ಅಪಾಯವೂ ಇದೆ. ಸೋತವರೂ ಸೇರಿ ಎಲ್ಲರ ದರದ ಸೂಕ್ಷ್ಮ ವಿವರ ಪ್ರತಿ ಸಲ ಪ್ರಕಟವಾದರೆ, ಒಳಗೊಳಗೆ ಮಾತಾಡಿಕೊಂಡು ಕೆಲಸ ಹಂಚಿಕೊಳ್ಳುವ ಗುತ್ತಿಗೆದಾರರ ಕೂಟಕ್ಕೆ ಮಾತು ತಪ್ಪಿದವರು ಯಾರೆಂದು ಸುಲಭವಾಗಿ ತಿಳಿಯುತ್ತದೆ.

ಇದಕ್ಕೆ ಕಾಯಿದೆಯಲ್ಲೇ ಪರಿಹಾರ ಇದೆ. ಸೆಕ್ಷನ್ 10ರ ಪ್ರಕಾರ ಕೊಡಬಾರದ ಭಾಗವನ್ನು ಮರೆಮಾಡಿ ಉಳಿದದ್ದನ್ನು ಕೊಡಬೇಕು. ಎರಡು ಪುಟದ ಗುಟ್ಟಿಗಾಗಿ ಇನ್ನೂರು ಪುಟದ ಕಡತವನ್ನೇ ತಡೆಹಿಡಿಯುವಂತಿಲ್ಲ. ವಾಣಿಜ್ಯ ಗೋಪ್ಯತೆ ಶಾಶ್ವತವೂ ಅಲ್ಲ. ಸೆಕ್ಷನ್ 8(3)ರ ಪ್ರಕಾರ 20 ವರ್ಷ ಕಳೆದ ವಿಷಯಗಳಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಗುತ್ತಿಗೆದಾರರು ಒಪ್ಪದಿದ್ದರೆ?

'ಗುತ್ತಿಗೆದಾರರು ಆಕ್ಷೇಪಿಸಿದ್ದಾರೆ' ಎಂಬುದು ಅರ್ಜಿ ತಿರಸ್ಕರಿಸಲು ಸಾಕಾಗುವ ಕಾರಣ ಅಲ್ಲ. ಮೂರನೆಯ ಪಕ್ಷವು ಗೋಪ್ಯವೆಂದು ಪರಿಗಣಿಸಿದ ಮಾಹಿತಿಯನ್ನು ಕೊಡುವ ಉದ್ದೇಶವಿದ್ದರೆ ಸೆಕ್ಷನ್ 11ರಂತೆ ಅಧಿಕಾರಿಯು ಅರ್ಜಿ ಬಂದ 5 ದಿನಗಳೊಳಗೆ ಅವರಿಗೆ ನೋಟೀಸು ಕಳುಹಿಸಬೇಕು. ಅವರು 10 ದಿನಗಳೊಳಗೆ ಅಭಿಪ್ರಾಯ ತಿಳಿಸಬಹುದು. ಅರ್ಜಿ ಬಂದ 40 ದಿನಗಳೊಳಗೆ ತೀರ್ಮಾನ ಆಗಬೇಕು. ತೀರ್ಮಾನ ಅಧಿಕಾರಿಯದ್ದೇ ಹೊರತು ಗುತ್ತಿಗೆದಾರರದ್ದಲ್ಲ. ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಸಲ್ಲಿಸುವ ಅವಕಾಶ ಅವರಿಗೂ ಇದೆ.

ಗುತ್ತಿಗೆ ಪಡೆದದ್ದು ಖಾಸಗಿ ಸಂಸ್ಥೆ, ಆದ್ದರಿಂದ ಕಾಯಿದೆ ಅನ್ವಯಿಸದು ಎಂಬ ಉತ್ತರವೂ ನಿಲ್ಲದು. ಅರ್ಜಿ ಹಾಕುವುದು ಸಂಸ್ಥೆಗಲ್ಲ, ಕಾಗದ ಇರುವ ಸರಕಾರಿ ಕಚೇರಿಗೆ. ಕೇರಳದ ತಲಪ್ಪಲಂ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ಸಹಕಾರಿ ಸಂಘವು ಸಾರ್ವಜನಿಕ ಪ್ರಾಧಿಕಾರ ಅಲ್ಲವೆಂದಿತು. ಆದರೆ ಕಾನೂನಿನಂತೆ ರಿಜಿಸ್ಟ್ರಾರರು ಸಂಘದಿಂದ ತರಿಸಿಕೊಳ್ಳಬಹುದಾದ ಮಾಹಿತಿಯನ್ನು ಅವರ ಮೂಲಕ ಪಡೆಯಬಹುದೆಂದೂ ತಿಳಿಸಿತು.

ದೊಡ್ಡ ಗುತ್ತಿಗೆಗಳು

ತಲಪಾಡಿಯಲ್ಲಿ ಕೇರಳ ಪ್ರವೇಶಿಸುವ ರಾಷ್ಟ್ರೀಯ ಹೆದ್ದಾರಿ 66ರ ಷಟ್ಪಥ ಕಾಮಗಾರಿಯ ಹಲವು ಭಾಗಗಳು ಹೈಬ್ರಿಡ್ ಆನ್ಯುಟಿ ಎಂಬ ಪದ್ಧತಿಯವು. ಈ ಪದ್ಧತಿಯಲ್ಲಿ ಯೋಜನಾ ವೆಚ್ಚದ ಶೇಕಡಾ 40ನ್ನು ನಿರ್ಮಾಣದ ಹಂತದಲ್ಲಿ ಸರಕಾರ ಕೊಡುತ್ತದೆ. ಉಳಿದದ್ದು ಕಾಮಗಾರಿ ಮುಗಿದ ಬಳಿಕ ಸಾಮಾನ್ಯವಾಗಿ 15 ವರ್ಷಗಳಲ್ಲಿ ಕಂತುಗಳಾಗಿ ಸಂದಾಯವಾಗುತ್ತದೆ. ಆ ಅವಧಿಯ ನಿರ್ವಹಣೆ ಗುತ್ತಿಗೆ ಸಂಸ್ಥೆಯ ಹೊಣೆ. ಹಾಗಾಗಿ ಸರ್ವೀಸ್ ರಸ್ತೆ, ಮಳೆನೀರ ಚರಂಡಿ, ಗುಡ್ಡ ಕಡಿದಲ್ಲಿ ತಡೆಗೋಡೆ ಇವುಗಳ ಬಗ್ಗೆ ಕರಾರಿನಲ್ಲಿ ಏನಿದೆ ಎಂಬುದು ಹೆದ್ದಾರಿ ಬದಿಯ ಮನೆಯವರಿಗೆ ಬಹುಕಾಲ ಬೇಕಾಗುವ ಮಾಹಿತಿ. 2025ರ ಮೇ ತಿಂಗಳಲ್ಲಿ ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಇದೇ ಹೆದ್ದಾರಿಯ ಭಾಗ ಕುಸಿದು, ಗುತ್ತಿಗೆ ಸಂಸ್ಥೆಯನ್ನೂ ಸಲಹಾ ಸಂಸ್ಥೆಯನ್ನೂ ಹೊಸ ಟೆಂಡರುಗಳಿಂದ ಹೊರಗಿಡಲಾಯಿತು.

ಅರ್ಜಿಗೆ ಕಾಯದೆ ಕರಾರು ಹೊರಬಂದ ಉದಾಹರಣೆಯೂ ಕೇರಳದಲ್ಲಿದೆ. ಕೋವಿಡ್ ಕಾಲದಲ್ಲಿ ರೋಗಿಗಳ ವಿವರ ಸಂಗ್ರಹಕ್ಕೆ ಸ್ಪ್ರಿಂಕ್ಲರ್ ಎಂಬ ಅಮೆರಿಕದ ಕಂಪೆನಿಯೊಂದಿಗೆ ಮಾಡಿಕೊಂಡ ಒಪ್ಪಂದ ವಿವಾದವಾದಾಗ, 2020ರ ಎಪ್ರಿಲಿನಲ್ಲಿ ರಾಜ್ಯ ಸರಕಾರ ಒಪ್ಪಂದದ ದಾಖಲೆಗಳನ್ನು ಪ್ರಕಟಿಸಿತು. ಅದೇ ತಿಂಗಳು ಹೈಕೋರ್ಟು, ವ್ಯಕ್ತಿಗಳ ಗುರುತು ತಿಳಿಯದಂತೆ ಮಾಡಿದ ಬಳಿಕವೇ ವಿವರಗಳನ್ನು ಕಂಪೆನಿಗೆ ನೀಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಗೋಪ್ಯವಾಗಿರಬೇಕಾದದ್ದು ರೋಗಿಯ ವಿವರ, ಬಹಿರಂಗವಾಗಿರಬೇಕಾದದ್ದು ಕರಾರು.

ಕೇಂದ್ರ ಸರಕಾರದ ಸಿಬ್ಬಂದಿ ಇಲಾಖೆಯ 2013ರ ಎಪ್ರಿಲ್ 15ರ ಮಾರ್ಗಸೂಚಿಯಂತೆ ಕೇಂದ್ರದ ಕಚೇರಿಗಳು ಟೆಂಡರು ಪ್ರಕಟಣೆ, ಗುತ್ತಿಗೆ ಪಡೆದವರ ಹೆಸರು, ದರ ಮತ್ತು ಒಟ್ಟು ಮೊತ್ತವನ್ನು ತಾವಾಗಿಯೇ ಪ್ರಕಟಿಸಬೇಕು.

ಏನು ಕೇಳಬೇಕು, ಹೇಗೆ ಕೇಳಬೇಕು

'ರಸ್ತೆಯ ಎಲ್ಲ ಮಾಹಿತಿ ಕೊಡಿ' ಎಂದು ಬರೆದರೆ ನಿರಾಕರಿಸುವುದು ಸುಲಭ. ಕಾಮಗಾರಿಯ ಹೆಸರು, ವಾರ್ಡು, ವರ್ಷ ನಮೂದಿಸಿ ಈ ಕಾಗದಗಳನ್ನು ಹೆಸರು ಹೇಳಿ ಕೇಳುವುದು ಉತ್ತಮ:

- ಮಂಜೂರಾದ ಅಂದಾಜುಪಟ್ಟಿ ಮತ್ತು ನಕ್ಷೆ
- ಟೆಂಡರುಗಳನ್ನು ಹೋಲಿಸಿದ ಪಟ್ಟಿ
- ಕರಾರುಪತ್ರ ಮತ್ತು ಕೆಲಸ ವಹಿಸಿಕೊಟ್ಟ ಆದೇಶ
- ಅಳತೆ ಪುಸ್ತಕ, ಅಂದರೆ ಎಂ ಬುಕ್ಕಿನ ಸಂಬಂಧಪಟ್ಟ ಪುಟಗಳು
- ಗುಣಮಟ್ಟ ಪರೀಕ್ಷೆಯ ವರದಿ
- ಪಾವತಿಯಾದ ಬಿಲ್ಲುಗಳು
- ಕಾಮಗಾರಿ ಮುಗಿದ ಪ್ರಮಾಣಪತ್ರ, ದುರಸ್ತಿ ಹೊಣೆಯ ಅವಧಿ

ಇವುಗಳಲ್ಲಿ ಹೆಚ್ಚಿನವು ಸರಕಾರವೇ ತಯಾರಿಸಿದ ದಾಖಲೆಗಳು. ಎಂ ಬುಕ್ ಬರೆಯುವುದು ಇಲಾಖೆಯ ಎಂಜಿನಿಯರ್. ಅದನ್ನು ಗುತ್ತಿಗೆದಾರರ ರಹಸ್ಯ ಎನ್ನಲಾಗದು. ಸೋತವರ ಒಳಲೆಕ್ಕ, ತಾಂತ್ರಿಕ ವಿನ್ಯಾಸಗಳನ್ನು ಅಗತ್ಯವಿಲ್ಲದೆ ಕೇಳದಿದ್ದರೆ ಆಕ್ಷೇಪಕ್ಕೆ ಎಡೆಯೇ ಇರುವುದಿಲ್ಲ.

ಕೇರಳ, ತಮಿಳುನಾಡು, ಮಹಾರಾಷ್ಟ್ರಗಳಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಕೋರ್ಟು ಫೀ ಸ್ಟಾಂಪು ಅಂಟಿಸಿದರಾಯಿತು. ಆಂಧ್ರಪ್ರದೇಶದ ನಿಯಮದಲ್ಲಿ ಗ್ರಾಮ ಮಟ್ಟದ ಕಚೇರಿಗೆ ಶುಲ್ಕವಿಲ್ಲ, ಮಂಡಲ ಮಟ್ಟಕ್ಕೆ 5 ರೂಪಾಯಿ, ಅದರ ಮೇಲೆ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಎಲ್ಲೆಡೆ ಉಚಿತ. ಮಾಹಿತಿ ಯಾಕೆ ಬೇಕೆಂದು ಹೇಳಬೇಕಾಗಿಲ್ಲ.

ಭಾಷೆಯ ವಿಷಯದಲ್ಲಿ ಗಡಿನಾಡ ಕನ್ನಡಿಗರು ಎಚ್ಚರ ವಹಿಸಬೇಕು. ಅರ್ಜಿಯು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬಹುದು ಎಂದು ಸೆಕ್ಷನ್ 6(1) ಹೇಳುತ್ತದೆ. ತಾಳವಾಡಿ, ಹೊಸೂರು, ಅಕ್ಕಲಕೋಟೆ, ಆದವಾನಿಗಳಲ್ಲಿ ಕನ್ನಡ ಅರ್ಜಿಯ ಜೊತೆ ಇಂಗ್ಲಿಷ್ ಪ್ರತಿಯನ್ನೂ ಇಟ್ಟರೆ ಭಾಷೆಯ ನೆಪದಲ್ಲಿ ಹಿಂದಿರುಗಿಸಲು ಬರುವುದಿಲ್ಲ. ಕಚೇರಿಗಳು ತಾವಾಗಿ ಪ್ರಕಟಿಸುವ ಮಾಹಿತಿಯಲ್ಲಿ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕೆಂದು ಸೆಕ್ಷನ್ 4(4) ಹೇಳುತ್ತದೆ. ಕಾಮಗಾರಿ ಸ್ಥಳದ ಫಲಕದಲ್ಲಿ ಕನ್ನಡ ಬೇಕೆಂದು ಗ್ರಾಮಸಭೆಯಲ್ಲಿ ಕೇಳುವಾಗ ಇದನ್ನು ಉಲ್ಲೇಖಿಸಬಹುದು.

ನಿರಾಕರಿಸಿದರೆ

ಉತ್ತರಕ್ಕೆ ಅವಧಿ 30 ದಿನ. ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಮತ್ತೆ 30 ದಿನಗಳೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅದರ ಬಳಿಕ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಸಕಾರಣವಿಲ್ಲದೆ ತಡೆಹಿಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ವಿಧಿಸುವ ಅಧಿಕಾರ ಆಯೋಗಕ್ಕಿದೆ. ಮೇಲ್ಮನವಿಯಲ್ಲಿ ಎರಡು ಪ್ರಶ್ನೆ ಕೇಳಿದರೆ ಸಾಕು: ಯಾರ ಸ್ಪರ್ಧೆಗೆ ಯಾವ ಹಾನಿ? ಸೆಕ್ಷನ್ 10ರಂತೆ ಉಳಿದ ಭಾಗವನ್ನು ಯಾಕೆ ಕೊಡಲಿಲ್ಲ?

ಈಚೆಗೆ ಇನ್ನೊಂದು ತೊಡಕು ಸೇರಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಮಾಡಿದ ತಿದ್ದುಪಡಿ 2025ರ ನವೆಂಬರಿನಲ್ಲಿ ಜಾರಿಯಾಗಿ, ಸೆಕ್ಷನ್ 8(1)(ಜೆ)ಯಲ್ಲಿ ವೈಯಕ್ತಿಕ ಮಾಹಿತಿಗೆ ವಿನಾಯಿತಿ ವಿಶಾಲವಾಯಿತು. ಗುತ್ತಿಗೆದಾರರು ಕಂಪೆನಿಯಾಗಿರದೆ ಒಬ್ಬ ವ್ಯಕ್ತಿಯಾಗಿದ್ದಾಗ ಇದನ್ನೇ ಮುಂದೊಡ್ಡುವ ಸಾಧ್ಯತೆ ಇದೆ. ಆದರೆ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಯಾವ ವಿನಾಯಿತಿ ಇದ್ದರೂ ಮಾಹಿತಿ ಕೊಡಬಹುದೆಂಬ ಸೆಕ್ಷನ್ 8(2) ಬದಲಾಗಿಲ್ಲ. ಇನ್ನು ಮುಂದೆ ಅರ್ಜಿಯಲ್ಲೇ ಅದನ್ನು ನಮೂದಿಸುವುದು ಒಳ್ಳೆಯದು.

ದುರಸ್ತಿ ಹೊಣೆಯ ಅವಧಿ ಮುಗಿದ ಮೇಲೆ ಕರಾರುಪತ್ರ ಕೈಗೆ ಬಂದರೆ ರಸ್ತೆಯನ್ನು ಪುನಃ ಸರಿಪಡಿಸುವುದು ಜನರದ್ದೇ ಹಣದಿಂದ. ಆದ್ದರಿಂದ ಅರ್ಜಿ ಹಾಕುವುದಿದ್ದರೆ ಕಾಮಗಾರಿ ಮುಗಿದ ವರ್ಷವೇ ಹಾಕಬೇಕು.