ಹಿರಿಯರ ವಸಡಿನ ರೋಗ: ಯಾವ ಹಂತಕ್ಕೆ ಯಾವ ಚಿಕಿತ್ಸೆ

ತಾತನ ಹಲ್ಲು ಅಲುಗಾಡತೊಡಗಿದರೆ ‘ವಯಸ್ಸಾಯಿತಲ್ಲ’ ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿದುಬಿಡುವುದು ತಾಳವಾಡಿ ಸೀಮೆಯ ಮನೆಗಳಲ್ಲಿ ಅಪರೂಪವಲ್ಲ. ವಾಸ್ತವದಲ್ಲಿ ಹಲ್ಲು ಬೀಳುವುದಕ್ಕೆ ವಯಸ್ಸೊಂದೇ ಕಾರಣವಲ್ಲ. ಹುಳುಕು ಮತ್ತು ವಸಡಿನ ರೋಗ ಇವೆರಡೇ ಮುಖ್ಯ ಕಾರಣಗಳು. ತೀವ್ರ ವಸಡಿನ ರೋಗವುಳ್ಳವರು ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಮಂದಿ ಇದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಅಂದಾಜಿಸಿದೆ.

ಮುದ್ದೆ ಉಣ್ಣುವವರಿಗೆ ಹಲ್ಲಿನ ಕೊರತೆ ತಡವಾಗಿ ತಿಳಿಯುತ್ತದೆ, ಏಕೆಂದರೆ ಮುದ್ದೆಯನ್ನು ಅಗಿಯಬೇಕಾಗಿಲ್ಲ. ಹಿರಿಯರು ಕಡಲೆಕಾಯಿ, ಹುರಿದ ಕಾಳು, ಮಾಂಸ ಇವುಗಳನ್ನು ಒಂದೊಂದಾಗಿ ಬಿಡತೊಡಗಿದಾಗಲೇ ಮನೆಯವರು ಎಚ್ಚೆತ್ತುಕೊಳ್ಳಬೇಕು. ಈ ರೋಗವನ್ನು ಯಾವ ಹಂತದಲ್ಲಿಯೂ ಹತೋಟಿಗೆ ತರಬಹುದು. ಆದರೆ ಕರಗಿಹೋದ ಎಲುಬು ಬಹುಮಟ್ಟಿಗೆ ಮರಳಿ ಬಾರದು. ಆದ್ದರಿಂದ ಬೇಗ ಹೋದವರಿಗೆ ಉಳಿಯುವ ಹಲ್ಲುಗಳೂ ಹೆಚ್ಚು.

ರೋಗ ಹೇಗೆ ಬೆಳೆಯುತ್ತದೆ

ಹಲ್ಲಿನ ಬುಡದಲ್ಲಿ ದಿನವೂ ರೋಗಾಣುಗಳ ತೆಳುವಾದ ಪಾಚಿ ಕಟ್ಟುತ್ತದೆ. ಅದನ್ನು ಉಜ್ಜಿ ತೆಗೆಯದಿದ್ದರೆ ಉಗುಳಿನ ಖನಿಜಾಂಶ ಸೇರಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಇದನ್ನೇ ವೈದ್ಯರು ಟಾರ್ಟರ್ ಎನ್ನುತ್ತಾರೆ. ಮೊದಲ ಹಂತದಲ್ಲಿ ವಸಡು ಕೆಂಪಾಗಿ ಊದಿಕೊಂಡು, ಉಜ್ಜುವಾಗ ರಕ್ತ ಒಸರುತ್ತದೆ. ಈ ಹಂತದಲ್ಲಿ ಎಲುಬಿಗೆ ಹಾನಿಯಾಗಿರುವುದಿಲ್ಲ. ಚಿಕಿತ್ಸೆ ಮಾಡಿದರೆ ವಸಡು ಪೂರ್ಣವಾಗಿ ಮೊದಲಿನಂತಾಗುತ್ತದೆ.

ಎರಡನೆಯ ಹಂತದಲ್ಲಿ ಉರಿಯೂತ ಬೇರಿನತ್ತ ಇಳಿದು ಹಲ್ಲನ್ನು ಹಿಡಿದಿರುವ ಎಲುಬನ್ನು ಕರಗಿಸುತ್ತದೆ. ವಸಡು ಹಲ್ಲಿನಿಂದ ಬೇರ್ಪಟ್ಟು ನಡುವೆ ಸಂದು ಉಂಟಾಗುತ್ತದೆ; ಇದಕ್ಕೆ ಪಾಕೆಟ್ ಎಂದು ಹೆಸರು. ಬಾಯಿಯ ದುರ್ವಾಸನೆ, ಕೀವು, ಹಲ್ಲುಗಳ ನಡುವೆ ಹೊಸದಾಗಿ ಕಾಣಿಸಿಕೊಳ್ಳುವ ಅಂತರ, ಅಲುಗಾಟ ಇವು ಇದರ ಗುರುತುಗಳು. ನೋವು ಮಾತ್ರ ಬಹುಕಾಲ ಇರುವುದಿಲ್ಲ. ಬೀಡಿ ಸೇದುವವರ ವಸಡಿನಲ್ಲಿ ರಕ್ತಸ್ರಾವ ಕಡಿಮೆಯಿರುವುದರಿಂದ ರೋಗ ಇನ್ನಷ್ಟು ಮರೆಯಲ್ಲಿ ಬೆಳೆಯುತ್ತದೆ.

ಪರೀಕ್ಷೆ

ಗೆರೆಗಳಿರುವ ತೆಳುವಾದ ಕಡ್ಡಿಯಿಂದ ವೈದ್ಯರು ಪ್ರತಿ ಹಲ್ಲಿನ ಸುತ್ತಲೂ ಪಾಕೆಟ್‌ನ ಆಳವನ್ನು ಅಳೆಯುತ್ತಾರೆ. 1ರಿಂದ 3 ಮಿ.ಮೀ. ಆಳ ಆರೋಗ್ಯದ ಲಕ್ಷಣ. 4 ಮಿ.ಮೀ. ಅಥವಾ ಅದಕ್ಕೂ ಹೆಚ್ಚಿದ್ದರೆ ಗಮನ ಬೇಕು. ಎಲುಬು ಎಷ್ಟು ಉಳಿದಿದೆಯೆಂಬುದನ್ನು ಎಕ್ಸ್‌ರೇ ತೋರಿಸುತ್ತದೆ. ಈ ಅಳತೆಗಳನ್ನು ಬರೆಸಿಕೊಂಡು ಜೋಪಾನವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಮುಂದಿನ ಸಲ ಬೇರೆ ಊರಿನ ಆಸ್ಪತ್ರೆಗೆ ಹೋದರೂ ರೋಗ ಇಳಿದಿದೆಯೋ ಏರಿದೆಯೋ ಎಂಬುದು ಅದರಿಂದಲೇ ತಿಳಿಯುತ್ತದೆ.

ಚಿಕಿತ್ಸೆಯ ಮೆಟ್ಟಿಲುಗಳು

*ಸ್ಕೇಲಿಂಗ್.* ಯಂತ್ರದ ಕಂಪನದಿಂದ ಅಥವಾ ಕೈಸಾಧನಗಳಿಂದ ಟಾರ್ಟರನ್ನು ತೆಗೆಯುವ ಕ್ರಮ. ಮೊದಲ ಹಂತದ ರೋಗಕ್ಕೆ ಇದರೊಂದಿಗೆ ಸರಿಯಾಗಿ ಉಜ್ಜುವ ಅಭ್ಯಾಸ ಸೇರಿದರೆ ಸಾಕು. ‘ಶುಚಿ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ’ ಎಂಬ ನಂಬಿಕೆ ತಪ್ಪು. ಅಂಟಿಕೊಂಡಿದ್ದ ಕಲ್ಲು ಹೋದಾಗ ಅದು ಮುಚ್ಚಿದ್ದ ಸಂದು ಕಾಣುತ್ತದೆ. ಊತ ಇಳಿದು ವಸಡು ಸ್ವಲ್ಪ ಕುಗ್ಗುತ್ತದೆ. ಕೆಲವು ದಿನ ಹಲ್ಲು ಜುಮ್ಮೆನ್ನುತ್ತದೆ. ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬ ಮಾತಿಗೂ ಆಧಾರವಿಲ್ಲ.

*ಆಳವಾದ ಶುಚಿ.* ಪಾಕೆಟ್ ಇದ್ದಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ವಸಡಿನ ಕೆಳಗಿನ ಬೇರಿನ ಮೇಲ್ಮೈಯನ್ನು ಶುಚಿಗೊಳಿಸುತ್ತಾರೆ. ಇದಕ್ಕೆ ರೂಟ್ ಪ್ಲೇನಿಂಗ್ ಎನ್ನುತ್ತಾರೆ. ಬಾಯಿಯ ಒಂದೊಂದು ಭಾಗಕ್ಕೆ ಒಂದೊಂದು ಭೇಟಿ ಬೇಕಾಗುವುದುಂಟು. ಎರಡು ಮೂರು ತಿಂಗಳ ಬಳಿಕ ಮತ್ತೆ ಅಳೆದು ನೋಡುತ್ತಾರೆ. ಬಹಳ ಮಂದಿ ಹಿರಿಯರಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಬಾರದೆ ಇಷ್ಟರಲ್ಲಿ ಮುಗಿಯುತ್ತದೆ.

*ಶಸ್ತ್ರಚಿಕಿತ್ಸೆ.* ಮರುಪರೀಕ್ಷೆಯಲ್ಲಿಯೂ 6 ಮಿ.ಮೀ. ಅಥವಾ ಅದಕ್ಕಿಂತ ಆಳದ ಪಾಕೆಟ್ ಉಳಿದಿದ್ದರೆ, ವಸಡನ್ನು ಸ್ವಲ್ಪ ಬಿಡಿಸಿ ಬೇರನ್ನು ಕಣ್ಣಾರೆ ಕಂಡು ಶುಚಿಮಾಡಿ ಹೊಲಿಗೆ ಹಾಕುತ್ತಾರೆ. ಎಲುಬಿನಲ್ಲಿ ಆಳವಾದ ಕುಳಿಯಿದ್ದರೆ ಎಲುಬಿನ ಪುಡಿ ತುಂಬುವುದೂ ಉಂಟು. ವಯಸ್ಸು ಹೆಚ್ಚೆಂಬ ಒಂದೇ ಕಾರಣಕ್ಕೆ ಇದನ್ನು ನಿರಾಕರಿಸಬೇಕಿಲ್ಲ. ಒಟ್ಟು ಆರೋಗ್ಯವನ್ನು ನೋಡಿ ನಿರ್ಧರಿಸುತ್ತಾರೆ. ‘ನೋವಿಲ್ಲದ ಲೇಸರ್’ ಎಂಬ ಜಾಹೀರಾತುಗಳನ್ನು ಕಂಡು ಹೆಚ್ಚು ಹಣ ತೆರುವ ಮುನ್ನ ಯೋಚಿಸಬೇಕು. ಸಾಮಾನ್ಯ ಶುಚಿಗಿಂತ ಅದರಿಂದ ಹೆಚ್ಚಿನ ಲಾಭವಿದೆಯೆಂಬುದಕ್ಕೆ ಬಲವಾದ ಆಧಾರವಿಲ್ಲ.

*ಕೀಳುವುದು ಮತ್ತು ಕೃತಕ ಹಲ್ಲು.* ಎಲುಬಿನ ಆಸರೆ ತಪ್ಪಿ ಎಲ್ಲ ದಿಕ್ಕಿಗೂ ಆಡುವ ಹಲ್ಲನ್ನು ತೆಗೆಯುವುದೇ ಉಚಿತ. ಸ್ವಲ್ಪವೇ ಅಲುಗಾಡುವ ಹಲ್ಲುಗಳನ್ನು ನೆರೆಯ ಗಟ್ಟಿ ಹಲ್ಲುಗಳಿಗೆ ಬಂಧಿಸಿ ಉಳಿಸಿಕೊಳ್ಳಬಹುದು. ಕಳೆದ ಹಲ್ಲಿನ ಜಾಗಕ್ಕೆ ತೆಗೆದು ಹಾಕುವ ಸೆಟ್ಟು, ಸ್ಥಿರವಾದ ಬ್ರಿಡ್ಜ್, ಇಂಪ್ಲಾಂಟ್ ಎಂಬ ಮೂರು ದಾರಿಗಳಿವೆ. ಇಂಪ್ಲಾಂಟ್ ದುಬಾರಿ. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ವಾಸಿಯಾಗದ ವಸಡಿನ ರೋಗ ಇವುಗಳಲ್ಲಿ ಒಂದಿದ್ದರೂ ಅದು ಸೋಲುವ ಅಪಾಯ ಹೆಚ್ಚು.

ಔಷಧಗಳ ಪಾತ್ರ

ಮಾತ್ರೆಯಿಂದಷ್ಟೇ ವಸಡಿನ ರೋಗ ವಾಸಿಯಾಗದು. ಬೇರಿಗಂಟಿದ ಕಲ್ಲು ಇರುವ ತನಕ ರೋಗಾಣುಗಳಿಗೆ ನೆಲೆಯಿರುತ್ತದೆ. ಆಂಟಿಬಯೋಟಿಕ್ ಬೇಕೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಮೆಟ್ರೊನಿಡಜೋಲ್ ತೆಗೆದುಕೊಳ್ಳುವಾಗ ಮದ್ಯ ಸಲ್ಲದು. ವಾರ್ಫರಿನ್ ಸೇವಿಸುವವರಲ್ಲಿ ಅದು ರಕ್ತಸ್ರಾವವನ್ನು ಹೆಚ್ಚಿಸಬಲ್ಲದು. ಕ್ಲೋರ್‌ಹೆಕ್ಸಿಡಿನ್ ಬಾಯಿ ಮುಕ್ಕಳಿಸುವ ದ್ರಾವಣವನ್ನು ಸಾಮಾನ್ಯವಾಗಿ ಎರಡು ವಾರದ ಮಟ್ಟಿಗೆ ಸೂಚಿಸುತ್ತಾರೆ. ತಿಂಗಳುಗಟ್ಟಲೆ ಬಳಸಿದರೆ ಹಲ್ಲಿಗೆ ಕಂದು ಬಣ್ಣ ಹಿಡಿಯುತ್ತದೆ, ರುಚಿ ಕೆಡುತ್ತದೆ. ಬಿಸಿ ಉಪ್ಪುನೀರು ತಾತ್ಕಾಲಿಕ ಶಮನ ನೀಡುತ್ತದೆ, ಚಿಕಿತ್ಸೆಗೆ ಬದಲಿಯಲ್ಲ.

ವೈದ್ಯರಿಗೆ ಮೊದಲೇ ತಿಳಿಸಬೇಕಾದ ಸಂಗತಿಗಳು

*ಸಕ್ಕರೆ ಕಾಯಿಲೆ.* ಸಕ್ಕರೆ ಏರಿದರೆ ವಸಡು ಕೆಡುತ್ತದೆ. ವಸಡು ಕೆಟ್ಟರೆ ಸಕ್ಕರೆ ಹತೋಟಿ ತಪ್ಪುತ್ತದೆ. ವಸಡಿಗೆ ಚಿಕಿತ್ಸೆಯಾದ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಪ್ರಮಾಣ ಸರಾಸರಿ 0.4ರಷ್ಟು ಇಳಿಯುತ್ತದೆಂದು ಅಧ್ಯಯನಗಳ ಸಮಗ್ರ ವಿಶ್ಲೇಷಣೆ ತೋರಿಸಿದೆ. ಚಿಕಿತ್ಸೆಗೆ ಹೋಗುವ ದಿನ ಉಪವಾಸವಿರದೆ, ಎಂದಿನಂತೆ ತಿಂಡಿ ತಿಂದು ಮಾತ್ರೆ ನುಂಗಿ ಹೋಗಬೇಕು.

*ರಕ್ತದೊತ್ತಡ.* ಆಮ್ಲೋಡಿಪಿನ್, ನಿಫೆಡಿಪಿನ್ ಮಾತ್ರೆಗಳಿಂದ ಕೆಲವರಲ್ಲಿ ವಸಡು ಬೆಳೆದು ಹಲ್ಲನ್ನು ಮುಚ್ಚುತ್ತದೆ. ಮೂರ್ಛೆಗೆ ಕೊಡುವ ಫೆನಿಟಾಯಿನ್‌ನಿಂದಲೂ ಹಾಗಾಗಬಹುದು. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ಬದಲಿ ಔಷಧದ ಬಗ್ಗೆ ಕೇಳಬೇಕು.

*ಹೃದ್ರೋಗ.* ಆಸ್ಪಿರಿನ್, ಕ್ಲೊಪಿಡೋಗ್ರೆಲ್, ವಾರ್ಫರಿನ್ ಮುಂತಾದ ರಕ್ತ ತೆಳುಗೊಳಿಸುವ ಮಾತ್ರೆಗಳನ್ನೂ ಸ್ವಂತ ನಿರ್ಧಾರದಿಂದ ಬಿಡಬಾರದು. ಕೃತಕ ಹೃದಯ ಕವಾಟ ಇರುವವರಿಗೆ ಸ್ಕೇಲಿಂಗ್‌ಗೆ ಮುನ್ನ ಆಂಟಿಬಯೋಟಿಕ್ ಬೇಕಾಗುತ್ತದೆ.

*ಎಲುಬು ಸವೆತ.* ಅಲೆಂಡ್ರೊನೇಟ್, ಜೊಲೆಡ್ರೊನಿಕ್ ಆಮ್ಲ ಪಡೆದವರಲ್ಲಿ ಹಲ್ಲು ಕಿತ್ತ ಜಾಗದ ದವಡೆಯೆಲುಬು ಮಾಯದಿರುವ ಅಪಾಯ ಸ್ವಲ್ಪಮಟ್ಟಿಗೆ ಇದೆ.

ಶಾಲೆಗೆ ಹೋಗುವ ಮೊಮ್ಮಕ್ಕಳು ಇಲ್ಲಿ ನೆರವಾಗಬಲ್ಲರು. ಅಜ್ಜಿ ತಾತಂದಿರ ಎಲ್ಲ ಮಾತ್ರೆಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ವೈದ್ಯರ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕಂತೆ. ತಮಿಳಿನಲ್ಲಿ ವಸಡಿಗೆ ‘ಈರು’, ರಕ್ತಕ್ಕೆ ‘ರತ್ತಂ’, ಊತಕ್ಕೆ ‘ವೀಕ್ಕಂ’, ನೋವಿಗೆ ‘ವಲಿ’ ಎನ್ನುತ್ತಾರೆ. ಕನ್ನಡವಷ್ಟೇ ಬಲ್ಲ ಹಿರಿಯರ ಜೊತೆ ಇಷ್ಟು ತಿಳಿದ ಒಬ್ಬರು ಹೋಗುವುದು ಮೇಲು.

ಎಲ್ಲಿಗೆ ಹೋಗುವುದು

ಈ ಚಿಕಿತ್ಸೆ ಒಂದೇ ಭೇಟಿಯಲ್ಲಿ ಮುಗಿಯದು. ಆದ್ದರಿಂದ ದೊಡ್ಡ ಆಸ್ಪತ್ರೆ ಯಾವುದು ಎಂಬುದಕ್ಕಿಂತ ನಾಲ್ಕಾರು ಸಲ ಎಲ್ಲಿಗೆ ಹೋಗಿಬರಬಲ್ಲೆವು ಎಂಬುದನ್ನೇ ಮೊದಲು ಯೋಚಿಸಬೇಕು. ಸತ್ಯಮಂಗಲಕ್ಕೆ ಇಳಿಯಲು ದಿಂಬಂ ಘಟ್ಟದ 27 ತಿರುವುಗಳನ್ನು ದಾಟಬೇಕು. ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ 2022ರ ಫೆಬ್ರವರಿಯಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಹೊರಡುವ ಮುನ್ನ ಹಿಂದಿರುಗುವ ಹೊತ್ತನ್ನು ಲೆಕ್ಕಹಾಕಬೇಕು. ಘಟ್ಟ ಇಳಿಯದೆ ತಲುಪಬಹುದಾದ ಪಟ್ಟಣ ಚಾಮರಾಜನಗರ. ಶಸ್ತ್ರಚಿಕಿತ್ಸೆ ಬೇಕಾದವರು ಮೈಸೂರಿನ ದಂತ ವೈದ್ಯಕೀಯ ಕಾಲೇಜುಗಳಲ್ಲಿ ವಸಡಿನ ವಿಭಾಗವನ್ನೇ ಕೇಳಬಹುದು. ಬೋಧನಾ ಆಸ್ಪತ್ರೆಗಳಲ್ಲಿ ಶುಲ್ಕ ಸಾಮಾನ್ಯವಾಗಿ ಕಡಿಮೆ, ಕಾಯುವ ಹೊತ್ತು ಹೆಚ್ಚು.

ಗಡಿಯ ಜನರು ಅರಿತಿರಬೇಕಾದ ಸಂಗತಿಯೊಂದಿದೆ. ಹಲ್ಲಿಲ್ಲದ ಹಿರಿಯರಿಗೆ ಉಚಿತವಾಗಿ ಸೆಟ್ಟು ನೀಡುವ ‘ದಂತ ಭಾಗ್ಯ’ ಕರ್ನಾಟಕ ಸರ್ಕಾರದ ಯೋಜನೆ. ಅದು ಆ ರಾಜ್ಯದ ಬಿಪಿಎಲ್ ಕುಟುಂಬಗಳಿಗಾಗಿ ರೂಪಿತವಾದದ್ದು. ತಮಿಳುನಾಡಿನ ಪಡಿತರ ಚೀಟಿ ಹಿಡಿದು ಅದನ್ನು ನಂಬಿಕೊಂಡು ಹೋಗುವಂತಿಲ್ಲ. ಇತ್ತ ತಮಿಳುನಾಡಿನಲ್ಲಿ 2021ರ ಆಗಸ್ಟ್‌ನಲ್ಲಿ ಆರಂಭವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಡಿ ಸಕ್ಕರೆ ಮತ್ತು ರಕ್ತದೊತ್ತಡದ ಮಾತ್ರೆಗಳು ಮನೆಬಾಗಿಲಿಗೆ ಬರುತ್ತವೆ. ತಮಿಳಿನ ‘ಮಕ್ಕಳ್’ ಎಂದರೆ ಜನರು. ಅದು ಚಿಕ್ಕಮಕ್ಕಳ ಯೋಜನೆಯೆಂದು ಭಾವಿಸಬೇಕಿಲ್ಲ. ಮಾತ್ರೆ ತರುವ ಕಾರ್ಯಕರ್ತೆಗೆ ವಸಡಿನ ತೊಂದರೆಯನ್ನೂ ತಿಳಿಸಿ, ಸಮೀಪದಲ್ಲಿ ದಂತ ವೈದ್ಯರು ಯಾವ ದಿನ ಸಿಗುತ್ತಾರೆಂದು ವಿಚಾರಿಸಬಹುದು.

ಮನೆಯಲ್ಲಿ ಮಾಡಬೇಕಾದದ್ದು

ಆಸ್ಪತ್ರೆಯ ಕೆಲಸ ಉಳಿಯುವುದು ಮನೆಯ ಆರೈಕೆಯಿಂದ. ಮೃದುವಾದ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ದಿನಕ್ಕೆ ಎರಡು ಬಾರಿ, ಎರಡೆರಡು ನಿಮಿಷ ಫ್ಲೋರೈಡ್ ಪೇಸ್ಟಿನಿಂದ ಉಜ್ಜಬೇಕು. ರಕ್ತ ಬಂತೆಂದು ಉಜ್ಜುವುದನ್ನು ಬಿಟ್ಟರೆ ರೋಗ ಹೆಚ್ಚುತ್ತದೆ. ಬೆರಳು ಬಿಗಿಯದವರಿಗೆ ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡಿ. ಅಗಲವಾದ ಸಂದುಗಳಿಗೆ ಚಿಕ್ಕ ಸಂದು-ಬ್ರಷ್ ಒಳ್ಳೆಯದು. ಇದ್ದಿಲು, ಇಟ್ಟಿಗೆ ಪುಡಿ, ಹರಳುಪ್ಪು ಇವು ಹೊರಗೆ ಕಾಣುವ ಬೇರನ್ನು ಸವೆಸುತ್ತವೆ. ಬೇವಿನ ಕಡ್ಡಿ ಬಿಡಲೊಲ್ಲದವರು ತುದಿಯನ್ನು ಚೆನ್ನಾಗಿ ಅಗಿದು ಮೆತ್ತಗೆ ಮಾಡಿಕೊಂಡು, ನಂತರ ಬ್ರಷ್ಷನ್ನೂ ಬಳಸಲಿ. ಹೊಗೆಸೊಪ್ಪು ಬೆರೆತ ಹಲ್ಲುಪುಡಿಯನ್ನು ಕೇಂದ್ರ ಸರ್ಕಾರ 1992ರಲ್ಲಿಯೇ ನಿಷೇಧಿಸಿದೆ. ಹೊಗೆಸೊಪ್ಪು ಬಿಟ್ಟರೂ ಎಲೆಅಡಿಕೆ ನಿರಪಾಯವೇನಲ್ಲ. ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗುರುತಿಸಿದೆ. ಸೆಟ್ಟು ಹಾಕುವವರು ರಾತ್ರಿ ತೆಗೆದು, ತೊಳೆದು ನೀರಿನಲ್ಲಿಡಬೇಕು.

ಚಿಕಿತ್ಸೆ ಮುಗಿದ ಮೇಲೆಯೂ ಮೂರರಿಂದ ಆರು ತಿಂಗಳಿಗೊಮ್ಮೆ ಶುಚಿ ಮತ್ತು ಪರೀಕ್ಷೆ ಅಗತ್ಯ. ಅದನ್ನು ತಪ್ಪಿಸಿದರೆ ರೋಗ ಮರುಕಳಿಸುತ್ತದೆ.

ತಡಮಾಡಬಾರದ ಲಕ್ಷಣಗಳು

ಜ್ವರದೊಂದಿಗೆ ಮುಖ ಅಥವಾ ಕತ್ತು ಊದಿಕೊಂಡರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು. 108 ಆಂಬುಲೆನ್ಸಿಗೆ ಕರೆ ಮಾಡಬಹುದು. ಬಾಯಿಯ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಎರಡು ವಾರದಲ್ಲಿ ಮಾಯದಿದ್ದರೆ ಅದನ್ನು ವಸಡಿನ ರೋಗವೆಂದು ಭಾವಿಸಿ ಕೂರದೆ ಕ್ಯಾನ್ಸರ್ ತಪಾಸಣೆ ಮಾಡಿಸಬೇಕು. ಇವೆರಡೂ ಇಲ್ಲದೆ, ಉಜ್ಜುವಾಗ ರಕ್ತ ಕಾಣಿಸುತ್ತಿದೆಯಷ್ಟೇ ಎಂದಾದರೆ ಅದೇ ಚಿಕಿತ್ಸೆಗೆ ತಕ್ಕ ಕಾಲ. ಆ ಹಂತದಲ್ಲಿ ಹೋದವರಿಗೆ ಖರ್ಚೂ ಕಡಿಮೆ, ಪ್ರಯಾಣವೂ ಕಡಿಮೆ.